ಕಿವಿಗೊಟ್ಟ ವೈದ್ಯ

ಬೆಂಗಳೂರಿನ ದಂಡುಪ್ರದೇಶದಿಂದ ಮೂಡಲಾಗಿ ಹಲಸೂರನ್ನು ಕಳೆದು ಕೃಷ್ಣರಾಜಪುರದ ಕಡೆಗೆ ಹೋಗುವವರಿಗೆ ದೂರವಾಣಿನಗರವೆಂಬ ಊರು ಸಿಕ್ಕುತ್ತದೆ. ೧೯೪೮ರಲ್ಲಿ ಸ್ಥಾಪಿತವಾದ ಟೆಲಿಫೋನ್ ಕಾರ್ಖಾನೆಯಿಂದ ಅದಕ್ಕೆ ಆ ಹೆಸರು ಬಂದಿತು. ದೇವರ ಹೆಸರನ್ನೋ ದೊರೆಯ ಹೆಸರನ್ನೋ ಊರಿಗಿಡುವುದು ನಮ್ಮವರ ವಾಡಿಕೆ. ಒಂದು ಯಂತ್ರದ ಹೆಸರನ್ನಿಟ್ಟದ್ದು ಅಪೂರ್ವವೇ ಸರಿ. ಆ ಯಂತ್ರವನ್ನು ಕಂಡುಹಿಡಿದ ಅಲೆಗ್ಸಾಂಡರ್ ಗ್ರಹಾಂ ಬೆಲ್ಲನು ವೃತ್ತಿಯಿಂದ ಕಿವುಡ ಮಕ್ಕಳ ಉಪಾಧ್ಯಾಯನಾಗಿದ್ದನು. ಅವನ ತಾಯಿಗೆ ಕಿವಿ ಮಂದ. ಅವನು ಕೈಹಿಡಿದವಳಂತೂ ಐದನೆಯ ವಯಸ್ಸಿನಲ್ಲಿಯೇ ವಿಷಮಜ್ವರವೊಂದರಿಂದ ಕಿವಿಯನ್ನು ಪೂರ್ತಿಯಾಗಿ ಕಳೆದುಕೊಂಡಿದ್ದವಳು. ೧೮೭೬ರಲ್ಲಿ ತಂತಿಯ ಮೂಲಕ ಮಾತನ್ನು ಸಾಗಿಸಿ, ಲೋಕಕ್ಕೆಲ್ಲ ದೂರದ ದನಿಯನ್ನು ಕೇಳಿಸಿದ ಆ ಮಹನೀಯನ ಯಂತ್ರವು ಅವನ ಮನೆಯೊಡತಿಗೆ ಮಾತ್ರ ಕೇಳಿಸಲಿಲ್ಲ.

ಅದೇ ದಿಕ್ಕಿನಲ್ಲಿ ವಿಮಾನಪುರವೂ ಇದೆ. ೧೯೪೦ರಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದೊಡನೆ ಕೂಡಿ ಕಟ್ಟಿದ ವಿಮಾನದ ಕಾರ್ಖಾನೆಯನ್ನು ಸುತ್ತಿಕೊಂಡು ಬೆಳೆದ ಊರದು. ಅಂಥ ಯಂತ್ರಗಳ ಗರ್ಜನೆಯ ಪಕ್ಕದಲ್ಲಿ ವರ್ಷಗಟ್ಟಲೆ ನಿಂತು ದುಡಿಯುವವನ ಕಿವಿಯು ಕಾಪಿಲ್ಲದಿದ್ದರೆ ಒಮ್ಮೆಗೇ ಕೆಡುವುದಿಲ್ಲ. ಮೊದಲು ಹೋಗುವುದು ಎತ್ತರದ ಸ್ವರಗಳು. ಸಕಾರ ಶಕಾರಗಳು ಮಾಸುತ್ತವೆ. ಮಾತನಾಡುತ್ತಿದ್ದಾರೆಂಬುದು ತಿಳಿಯುತ್ತದೆ, ಏನೆಂಬುದು ತಿಳಿಯದು. ಆಕಾಶದಲ್ಲಿ ಸಂಚರಿಸುವವರ ದೇಹಧರ್ಮವನ್ನು ಪರೀಕ್ಷಿಸುವುದಕ್ಕೆ ವಾಯುಸೇನೆಯವರು ೧೯೫೭ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ವೈದ್ಯಸಂಸ್ಥೆಯೂ ಇಂದು ಈ ವಿಮಾನಪುರದಲ್ಲಿಯೇ ಇದೆ. ಇತ್ತ ಶಿವಾಜಿನಗರದಲ್ಲಿ ಕಮಿಷನರ್ ಬೌರಿಂಗನ ಹೆಸರಿನ ಆಸ್ಪತ್ರೆಯು ೧೮೬೦ರ ದಶಕದಿಂದ ಬಡಬಗ್ಗರಿಗೆ ಆಶ್ರಯವಾಗಿದೆ. ಲಿಂಗರಾಜಪುರದಲ್ಲಿ ಮಾತು ಮತ್ತು ಶ್ರವಣಗಳ ಚಿಕಿತ್ಸೆಗಾಗಿಯೇ ಏರ್ಪಟ್ಟ ಸಂಸ್ಥೆಯೊಂದಿದೆ. ಹೀಗೆ ಕಿವಿಯನ್ನು ದುಡಿಸುವುದು, ಸವೆಯಿಸುವುದು, ಸರಿಪಡಿಸುವುದು ಈ ಮೂರು ಕೆಲಸಗಳೂ ಪಟ್ಟಣದ ಒಂದೇ ಮಗ್ಗುಲಲ್ಲಿ ನಡೆಯುತ್ತಿರಲು, ಕಿವಿಯ ಶಸ್ತ್ರವೈದ್ಯನ ಧರ್ಮವಾವುದೆಂಬ ಪ್ರಶ್ನೆಯು ಇಲ್ಲಿಯ ಗೃಹಸ್ಥರಿಗೆ ಪರಕೀಯವೆನಿಸಲಾರದು.

ಪ್ರಶ್ನೆಯನ್ನು ಮೊದಲು ನಮ್ಮ ಶಾಸ್ತ್ರಗಳ ಭಾಷೆಯಲ್ಲಿಯೇ ಇಟ್ಟು ನೋಡಬಹುದು. ಸುಶ್ರುತಾಚಾರ್ಯರು ಉತ್ತರತಂತ್ರದಲ್ಲಿ ಕಿವಿಯ ರೋಗಗಳನ್ನು ೨೮ ಎಂದು ಎಣಿಸಿದ್ದಾರೆ. ಹರಿದ ಕಿವಿಯ ಹಾಲೆಯನ್ನು ಕೂಡಿಸುವ ವಿಧಿಗಾಗಿ ಸೂತ್ರಸ್ಥಾನದಲ್ಲಿ ಒಂದು ಅಧ್ಯಾಯವನ್ನೇ ಮೀಸಲಿಟ್ಟಿದ್ದಾರೆ. ಕಿವಿಯ ಹೊರಭಾಗದ ವಿಷಯದಲ್ಲಿ ಅಷ್ಟು ಧೈರ್ಯವಿದ್ದ ಪ್ರಾಚೀನ ವೈದ್ಯಶಾಸ್ತ್ರವು ಬಾಧಿರ್ಯದ ಮಾತು ಬಂದಾಗ ಹಿಂಜರಿಯುತ್ತದೆ. ಶಿಶುವಿಗೆ ಬಂದ ಕಿವುಡು, ಮುಪ್ಪಿನಲ್ಲಿ ಬಂದ ಕಿವುಡು, ಬಹುಕಾಲದಿಂದ ನಿಂತ ಕಿವುಡು, ಇವನ್ನು ವೈದ್ಯನು ಬಿಟ್ಟುಬಿಡತಕ್ಕದ್ದೆಂದು ಆಯುರ್ವೇದಗ್ರಂಥಗಳಲ್ಲಿ ಹೇಳಿದೆ. ಅಸಾಧ್ಯರೋಗಕ್ಕೆ ಕೈಹಾಕುವ ವೈದ್ಯನು ಧನವನ್ನೂ ವಿದ್ಯೆಯನ್ನೂ ಯಶಸ್ಸನ್ನೂ ಕಳೆದುಕೊಳ್ಳುವನೆಂದು ಚರಕಸಂಹಿತೆಯ ಅಭಿಪ್ರಾಯ. ಇದನ್ನು ಹೇಡಿತನವೆನ್ನಲಾಗದು. ಕೈಲಾಗದ್ದನ್ನು ಕೈಲಾಗುವುದೆಂದು ಹೇಳಿ ರೋಗಿಯ ಗಂಟನ್ನು ಕರಗಿಸುವವನಿಗಿಂತ, ಇದು ನನ್ನಿಂದಾಗದೆಂದು ಹೇಳಿ ಬಾಗಿಲಿನವರೆಗೆ ಬಂದು ಕಳುಹಿಸಿಕೊಡುವವನು ಉತ್ತಮನೆಂಬುದನ್ನು ಯಾರೂ ಒಪ್ಪುವರು. ಆದರೆ ಅಸಾಧ್ಯವೆಂಬುದು ರೋಗದ ಗುಣವೋ, ವೈದ್ಯನ ಮಿತಿಯೋ? ಮಿತಿಯೇ ಆಗಿದ್ದ ಪಕ್ಷಕ್ಕೆ ಅದನ್ನು ಯಾರಾದರೊಬ್ಬನು ದಾಟಬೇಕು. ದಾಟುವಾಗ ಅವನಿಗೆ ಪೂರ್ಣವಾದ ಜ್ಞಾನವಿರುವುದಿಲ್ಲ. ತಪ್ಪಿದರೆ ನೋವು ಅವನ ಮೈಗಲ್ಲ, ಮತ್ತೊಬ್ಬನ ಮೈಗೆ. ಅಪೂರ್ಣಜ್ಞಾನದಿಂದ ಪರರ ದೇಹವನ್ನು ಮುಟ್ಟುವ ಅಧಿಕಾರವು ಯಾರಿಗೆ, ಎಷ್ಟರಮಟ್ಟಿಗೆ ಉಂಟು?

ಕಿವಿಯ ವಿಷಯದಲ್ಲಿ ಈ ಸಂದೇಹವು ಮಿಕ್ಕ ಅಂಗಗಳಿಗಿಂತ ತೀಕ್ಷ್ಣವಾಗುವುದಕ್ಕೆ ಕಾರಣವುಂಟು. ನೈಯಾಯಿಕರ ಮತದಲ್ಲಿ ಶ್ರೋತ್ರೇಂದ್ರಿಯವೆಂದರೆ ಕಿವಿಯ ಕುಹರದಿಂದ ಅವಚ್ಛಿನ್ನವಾದ ಆಕಾಶವೇ. ಆಕಾಶಕ್ಕೆ ರೋಗವಿಲ್ಲ, ರೋಗವೇನಿದ್ದರೂ ಅದನ್ನು ಆವರಿಸಿಕೊಂಡಿರುವ ಪಾತ್ರೆಗೆ. ಆಧುನಿಕ ಶರೀರಶಾಸ್ತ್ರವು ಆ ಪಾತ್ರೆಯನ್ನು ಬಿಚ್ಚಿ ತೋರಿಸಿದೆ. ಶಂಖಾಸ್ಥಿಯ ಗಟ್ಟಿಯಾದ ಎಲುಬಿನೊಳಗೆ ಬಸವನಹುಳುವಿನ ಚಿಪ್ಪಿನಂತೆ ಸುರುಳಿಯಾದ ಒಂದು ನಾಳ; ಅದರಲ್ಲಿ ನೀರು; ನೀರಿನ ಕಂಪನಕ್ಕೆ ಬಾಗುವ ಅತಿಸೂಕ್ಷ್ಮವಾದ ರೋಮಕೋಶಗಳು; ಅವುಗಳಿಂದ ಹೊರಟು ಮೆದುಳಿಗೆ ಹೋಗುವ ಸುಮಾರು ೩೦,೦೦೦ ಎಳೆಗಳ ಶ್ರವಣನಾಡಿ. ಆ ನಾಡಿಯ ಮಗ್ಗುಲಲ್ಲಿಯೇ ಮುಖದ ಸ್ನಾಯುಗಳನ್ನಾಡಿಸುವ ನಾಡಿಯೂ, ದೇಹದ ತೂಕವನ್ನು ಸರಿಯಾಗಿ ನಿಲ್ಲಿಸುವ ನಾಡಿಯೂ ಬೆರಳಿನಷ್ಟೂ ಅಗಲವಿಲ್ಲದ ಒಂದೇ ಕಾಲುವೆಯಲ್ಲಿ ಸಾಗುತ್ತವೆ. ಕೈ ಕೂದಲೆಳೆಯಷ್ಟು ತಪ್ಪಿದರೆ ಬಾಯಿ ಸೊಟ್ಟಗಾಗಿ, ಕಣ್ಣಿನ ರೆಪ್ಪೆ ಮುಚ್ಚದಂತಾಗುವುದು. ಕೇಳುವ ಶಕ್ತಿ, ನಗುವ ಶಕ್ತಿ, ನಿಲ್ಲುವ ಶಕ್ತಿ ಮೂರನ್ನೂ ಅಷ್ಟು ಇಕ್ಕಟ್ಟಿನಲ್ಲಿಟ್ಟ ಸೃಷ್ಟಿಕರ್ತನು ಮುಂದೆ ಶಸ್ತ್ರವೈದ್ಯರು ಹುಟ್ಟುವರೆಂದು ಯೋಚಿಸಿರಲಿಲ್ಲವೆಂದು ತೋರುತ್ತದೆ.

ಈ ಇಕ್ಕಟ್ಟಿನ ದಾರಿಯಲ್ಲಿ ತನ್ನ ಆಯುಷ್ಯವನ್ನು ಕಳೆದವರಲ್ಲಿ ಅಮೆರಿಕದ ವಿಲಿಯಂ ಹೌಸನು ಮುಖ್ಯನು. ೧೯೨೩ರಲ್ಲಿ ಹುಟ್ಟಿದ ಈತನು ಮೊದಲು ಕಲಿತದ್ದು ದಂತವೈದ್ಯವನ್ನು; ಅನಂತರ ಸಾಮಾನ್ಯವೈದ್ಯವನ್ನು ಓದಿ, ೧೯೫೬ರಲ್ಲಿ ಲಾಸ್ ಏಂಜಲೀಸಿನಲ್ಲಿ ಕಿವಿಯ ವೈದ್ಯನಾಗಿ ಪ್ರಸಿದ್ಧನಾಗಿದ್ದ ತನ್ನ ಅಣ್ಣ ಹೊವರ್ಡನ ಜೊತೆ ಸೇರಿದನು. ಹಲ್ಲಿನ ವೈದ್ಯನ ಅಭ್ಯಾಸವು ವ್ಯರ್ಥವಾಗಲಿಲ್ಲ. ವೇಗವಾಗಿ ತಿರುಗುವ ಬೈರಿಗೆ, ಅದರ ತುದಿಗೆ ಸದಾ ನೀರು ಬಿಟ್ಟು ಅದನ್ನು ಹೀರಿಕೊಳ್ಳುವ ಉಪಾಯ, ಇವನ್ನು ಆತನು ಹಲ್ಲಿನಿಂದ ಕಿವಿಯ ಎಲುಬಿಗೆ ತಂದನು. ಅದಕ್ಕೆ ಸೂಕ್ಷ್ಮದರ್ಶಕವನ್ನು ಜೋಡಿಸಿದನು.

ಶ್ರವಣನಾಡಿಯ ಕವಚದಲ್ಲಿ ಒಂದು ಬಗೆಯ ಅರ್ಬುದ ಹುಟ್ಟುವುದುಂಟು. ಅದು ವಿಷಗೆಡ್ಡೆಯಲ್ಲ, ಬೇರೆ ಅಂಗಗಳಿಗೆ ಹರಡುವುದಿಲ್ಲ, ಆದರೆ ಮೆಲ್ಲಮೆಲ್ಲನೆ ಬೆಳೆದು ಮೆದುಳಿನ ಬುಡವನ್ನು ಒತ್ತುತ್ತದೆ. ಮೊದಲು ಒಂದು ಕಿವಿ ಮಂದವಾಗುತ್ತದೆ, ಅದರಲ್ಲಿ ಜೀರುಂಡೆಯ ದನಿ ಕೇಳುತ್ತದೆ, ನಡಿಗೆ ತೂರಾಡುತ್ತದೆ. ಹಾರ್ವೆ ಕುಶಿಂಗ್ ಎಂಬ ಮಹಾವೈದ್ಯನು ೧೯೧೭ರಲ್ಲಿ ಇದರ ಮೇಲೆ ಒಂದು ಗ್ರಂಥವನ್ನೇ ಬರೆದನು. ಅವನ ಕಾಲದಲ್ಲಿ ಇದನ್ನು ಪೂರ್ತಿಯಾಗಿ ತೆಗೆಯಹೋದರೆ ಸಾವು ಬಹಳವಾಗಿದ್ದುದರಿಂದ ಒಳಗಿನ ತಿರುಳನ್ನು ಮಾತ್ರ ತೆಗೆದು ಹೊರಗಿನ ಕೋಶವನ್ನು ಬಿಟ್ಟುಬಿಡುತ್ತಿದ್ದನು. ಮುಂದೆ ಬಂದವರು ಪೂರ್ತಿ ತೆಗೆಯುವುದನ್ನು ಕಲಿತರಾದರೂ ತಲೆಯ ಹಿಂಬದಿಯಿಂದ ಮೆದುಳನ್ನು ಸರಿಸಿಕೊಂಡು ಹೋಗಬೇಕಾಗಿದ್ದ ಆ ದಾರಿಯ ಭಯ ಹೋಗಲಿಲ್ಲ. ಆದಕಾರಣ ಗೆಡ್ಡೆ ಸಣ್ಣದಾಗಿರುವಾಗ ಅದನ್ನು ಮುಟ್ಟದೆ, ದೊಡ್ಡದಾಗಿ ಪ್ರಾಣಕ್ಕೆ ಬಂದಮೇಲೆ ಮುಟ್ಟುವುದೇ ರೂಢಿಯಾಗಿತ್ತು. ಹೌಸನಿಗೆ ಈ ರೂಢಿಯು ವಿಪರೀತವಾಗಿ ಕಂಡಿತು. ಮೆದುಳನ್ನು ಸರಿಸದೆ, ಒಳಗಿವಿಯ ಎಲುಬನ್ನೇ ಕೊರೆದು ಹೋದರೆ ಗೆಡ್ಡೆ ಎದುರಿಗೇ ಸಿಕ್ಕುವುದೆಂದು ಆತನು ವಾದಿಸಿದನು. ವಿಲಿಯಂ ಹಿಟ್ಸೆಲ್‌ಬರ್ಗರ್ ಎಂಬ ಮೆದುಳಿನ ಶಸ್ತ್ರವೈದ್ಯನನ್ನು ಜೊತೆಗೆ ಕರೆದುಕೊಂಡು ೧೯೬೦ರ ದಶಕದ ಆದಿಯಿಂದ ಹಾಗೆಯೇ ಮಾಡಿದನು. ಕಿವಿಯ ವೈದ್ಯನಿಗೆ ಮೆದುಳಿನ ಅಂಗಳದಲ್ಲೇನು ಕೆಲಸವೆಂದು ಮೆದುಳಿನ ವೈದ್ಯರಲ್ಲಿ ಅನೇಕರು ಸಿಟ್ಟಾದರು. ವಿದ್ವಾಂಸರ ಜಗಳಗಳಲ್ಲಿ ಅರ್ಧಪಾಲು ಗಡಿಯ ಜಗಳವೇ ಆಗಿರುವುದು ಎಲ್ಲ ಶಾಸ್ತ್ರಗಳಲ್ಲಿಯೂ ಕಂಡದ್ದೇ. ಆದರೆ ಫಲವು ಹೌಸನ ಪಕ್ಷವನ್ನು ವಹಿಸಿತು. ಸಾವು ಕಡಿಮೆಯಾಯಿತು, ಮುಖದ ನಾಡಿ ಉಳಿಯತೊಡಗಿತು.

ಇಲ್ಲಿಯೇ ಧರ್ಮದ ಗಂಟು ಸಿಕ್ಕುತ್ತದೆ. ಆ ದಾರಿಯಲ್ಲಿ ಹೋಗಬೇಕಾದರೆ ಒಳಗಿವಿಯನ್ನು ಒಡೆದೇ ಹೋಗಬೇಕು. ಆ ಕಿವಿಯಲ್ಲಿ ಉಳಿದಿದ್ದ ಅಲ್ಪಸ್ವಲ್ಪ ಶ್ರವಣವೂ ವೈದ್ಯನ ಕೈಯಿಂದಲೇ ನಾಶವಾಗುತ್ತದೆ. ಕಿವಿಯನ್ನು ಕಾಯುವುದಕ್ಕಾಗಿ ವ್ರತತೊಟ್ಟವನು ಪ್ರಾಣವನ್ನೂ ಮುಖವನ್ನೂ ಉಳಿಸುವುದಕ್ಕಾಗಿ ಕಿವಿಯನ್ನು ಬಲಿಗೊಡುವನು. ಒಂದು ಕಿವಿಯಾದರೆ ಸಮಾಧಾನ ಹೇಳಬಹುದು, ಇನ್ನೊಂದಿದೆಯಲ್ಲಾ ಎಂದು. ಆದರೆ ಕೆಲವು ವಂಶಗಳಲ್ಲಿ ಇಂಥ ಗೆಡ್ಡೆಗಳು ಎರಡು ಕಡೆಯೂ ಹುಟ್ಟುತ್ತವೆ. ಅಂಥ ರೋಗಿಗೆ ವೈದ್ಯನು ಕೊಡುವ ಆಯುಷ್ಯವು ಸಂಪೂರ್ಣ ಮೌನದ ಆಯುಷ್ಯ. ೧೯೭೯ರಲ್ಲಿ ಹೌಸ್ ಮತ್ತು ಹಿಟ್ಸೆಲ್‌ಬರ್ಗರರು ಅಂಥ ಒಬ್ಬ ಸ್ತ್ರೀಯ ಗೆಡ್ಡೆಯನ್ನು ತೆಗೆದು, ಕತ್ತರಿಸಿಹೋದ ನಾಡಿಯ ಬುಡದಲ್ಲಿ, ಮೆದುಳಿನ ಕಾಂಡದ ಮೇಲೆಯೇ ಒಂದು ವಿದ್ಯುತ್ತಂತಿಯನ್ನಿಟ್ಟರು. ಆಕೆಗೆ ಶಬ್ದಗಳು ಕೇಳಿಸಿದವು. ಕಳೆದ ಕೈಯೇ ಕೊಡಲು ಎತ್ತಿಕೊಂಡಿತು.

ವಿದ್ಯುತ್ತಿನಿಂದ ಕೇಳಿಸುವ ಯೋಚನೆ ಹೌಸನದಲ್ಲ. ೧೯೫೭ರ ಫೆಬ್ರವರಿಯಲ್ಲಿ ಪ್ಯಾರಿಸ್ಸಿನ ಜೂರ್ನೊ ಮತ್ತು ಏರಿಯೆಸ್ ಎಂಬಿಬ್ಬರು ಎರಡು ಕಿವಿಯೂ ಹಾಳಾಗಿದ್ದ ಒಬ್ಬನ ಶ್ರವಣನಾಡಿಯ ಬಳಿ ತಂತಿಯ ಸುರುಳಿಯೊಂದನ್ನಿಟ್ಟರು. ಅವನಿಗೆ ಕ್ರಿಮಿಕೀಟಗಳ ದನಿಯಂಥ ಸದ್ದುಗಳೂ ಕ್ರಮೇಣ ಒಂದೆರಡು ಸುಲಭವಾದ ಪದಗಳೂ ಗುರುತಾದವು. ಯಂತ್ರ ಕೆಟ್ಟಿತು, ಪ್ರಯೋಗ ನಿಂತಿತು. ಆ ಸುದ್ದಿಯ ಪತ್ರಿಕೆಯ ತುಣುಕೊಂದನ್ನು ರೋಗಿಯೊಬ್ಬನು ಹೌಸನ ಕೈಗೆ ತಂದುಕೊಟ್ಟನಂತೆ. ೧೯೬೧ರಲ್ಲಿ ಹೌಸನು ಕಿವುಡರಿಬ್ಬರ ಒಳಗಿವಿಯಲ್ಲಿ ಚಿನ್ನದ ತಂತಿಯನ್ನಿಟ್ಟನು. ಅವರಿಗೆ ಸದ್ದು ಕೇಳಿಸಿತು. ಆದರೆ ಹೊದಿಕೆಯ ವಸ್ತುವು ದೇಹಕ್ಕೆ ಒಗ್ಗದೆ ಊತ ಬಂದು ತಂತಿಯನ್ನು ತೆಗೆಯಬೇಕಾಯಿತು. ಅಷ್ಟರಲ್ಲಿ ಸುದ್ದಿ ಹೊರಬಿದ್ದು ಕಿವುಡರು ಗುಂಪುಗುಂಪಾಗಿ ಕೇಳಿಕೊಂಡು ಬರಲಾರಂಭಿಸಿದರು. ಆಗ ಹೌಸನು ಮಾಡಿದ ಕೆಲಸವು ಅವನ ಸಾಹಸಗಳೆಲ್ಲಕ್ಕಿಂತ ಹೆಚ್ಚಿನದೆಂದು ಹೇಳತಕ್ಕದ್ದು: ಅವನು ನಿಲ್ಲಿಸಿದನು. ದೇಹಕ್ಕೆ ಒಗ್ಗುವ ವಸ್ತುಗಳು ಸಿದ್ಧವಾಗುವವರೆಗೆ, ಸುಮಾರು ೮ ವರ್ಷಗಳ ಕಾಲ, ಕಾದನು. ಬೇಡುವವರ ಸಾಲು ಬಾಗಿಲಲ್ಲಿರುವಾಗ ಕಾಯುವುದು, ಯಾರೂ ಬೇಡದಿರುವಾಗ ಕಾಯುವುದರಷ್ಟು ಸುಲಭವಲ್ಲ.

ಮತ್ತೆ ಪ್ರಾರಂಭಿಸಿದಾಗ ಅವನ ಯಂತ್ರವನ್ನು ಬಹುಕಾಲ ಧರಿಸಿ ಪರೀಕ್ಷೆಗೊಡ್ಡಿಕೊಂಡವನು ಒಬ್ಬ ಶಾಲೆಯ ಉಪಾಧ್ಯಾಯನು. ಬೆಂಕಿಯ ಅಪಘಾತವೊಂದರಲ್ಲಿ ಮೈಸುಟ್ಟುಕೊಂಡು, ಪ್ರಾಣ ಉಳಿಸಲು ಕೊಟ್ಟ ಸ್ಟ್ರೆಪ್ಟೊಮೈಸಿನ್ ಔಷಧದಿಂದ ಕಿವಿಯನ್ನು ಕಳೆದುಕೊಂಡವನಾತ. ಔಷಧವು ಒಂದನ್ನು ಉಳಿಸಿ ಇನ್ನೊಂದನ್ನು ಕೊಂಡಿತ್ತು. ಕ್ಷಯರೋಗದ ಚಿಕಿತ್ಸೆಯಲ್ಲಿ ಇದೇ ಔಷಧವನ್ನು ಚುಚ್ಚಿಸಿಕೊಂಡ ನಮ್ಮ ದೇಶದ ಎಷ್ಟೋ ಮಂದಿಯೂ ಇದೇ ಬೆಲೆಯನ್ನು ತೆತ್ತಿದ್ದಾರೆ.

ಈ ಯಂತ್ರಕ್ಕೆ ಬಂದ ಆಕ್ಷೇಪವನ್ನು ನ್ಯಾಯವಾಗಿ ಹೇಳಬೇಕು. ಏಕೆಂದರೆ ಆಕ್ಷೇಪಿಸಿದವರು ಅಲ್ಪರಲ್ಲ. ನಾಡಿಯಲ್ಲಿ ೩೦,೦೦೦ ಎಳೆಗಳುಂಟು. ಸುರುಳಿಯ ಬುಡದಲ್ಲಿ ಎತ್ತರದ ಸ್ವರ, ತುದಿಯಲ್ಲಿ ತಗ್ಗಿನ ಸ್ವರ ಎಂದು ಸ್ಥಾನನಿಯಮವುಂಟು. ಹೀಗಿರಲು ಒಂದೇ ತಂತಿಯಿಂದ ಎಲ್ಲವನ್ನೂ ಒಟ್ಟಿಗೆ ತಟ್ಟಿದರೆ ಹುಟ್ಟುವುದು ಗದ್ದಲವೇ ಹೊರತು ಮಾತಲ್ಲ. ವೀಣೆಯ ತಂತಿಗಳನ್ನೆಲ್ಲ ಅಂಗೈಯಿಂದ ಒಮ್ಮೆಗೇ ಹೊಡೆದರೆ ರಾಗ ಹುಟ್ಟೀತೆ? ಆದುದರಿಂದ ಈ ಪ್ರಯೋಗವು ಅಕಾಲಿಕ, ರೋಗಿಗಳಿಗೆ ವೃಥಾ ಆಸೆ, ಉಳಿದ ನಾಡಿಗೂ ಕೇಡು. ಇದು ಅನುಮಾನಪ್ರಮಾಣ, ವ್ಯಾಪ್ತಿಯಲ್ಲಿ ದೋಷ ಕಾಣುವುದಿಲ್ಲ. ಹೌಸನ ಉತ್ತರ ಪ್ರತ್ಯಕ್ಷಪ್ರಮಾಣ: ನನ್ನ ರೋಗಿಗಳನ್ನು ಕೇಳಿರಿ. ಇದಕ್ಕೆ ವಿರೋಧಿಗಳು, ಮೌನದಿಂದ ಬೇಸತ್ತವನು ಏನು ಕೇಳಿದರೂ ಸಂಗೀತವೆನ್ನುವನು, ಅವನ ಮಾತು ಸಾಕ್ಷಿಯಲ್ಲವೆಂದರು.

ಕೇಳುವ ಅನುಭವದ ವಿಷಯದಲ್ಲಿ ಆಪ್ತನಾವನು? ನಾಡಿಯ ಎಳೆಗಳನ್ನೆಣಿಸಿದ ಪಂಡಿತನೋ, ಹತ್ತು ವರ್ಷದ ಮೌನದ ಮೇಲೆ ತನ್ನ ಮಗುವಿನ ಅಳುವನ್ನು ಕೇಳಿದೆನೆನ್ನುವ ಪಾಮರನೋ? ಇದನ್ನು ತೀರ್ಮಾನಿಸಲು ಅಮೆರಿಕದ ಸರ್ಕಾರವು ತಟಸ್ಥರಾದ ಪರೀಕ್ಷಕರನ್ನು ನೇಮಿಸಿ ಯಂತ್ರ ಧರಿಸಿದ್ದ ೧೩ ಮಂದಿಯನ್ನು ಪರೀಕ್ಷೆಮಾಡಿಸಿತು. ೧೯೭೭ರಲ್ಲಿ ಹೊರಬಿದ್ದ ತೀರ್ಪು ಇಬ್ಬರನ್ನೂ ಅರ್ಧರ್ಧ ಗೆಲ್ಲಿಸಿತು. ಯಂತ್ರವೊಂದರಿಂದಲೇ ಮಾತು ತಿಳಿಯುವುದಿಲ್ಲ; ಪಂಡಿತರು ಸರಿ. ಆದರೆ ಎದುರಿನವರ ತುಟಿಯ ಚಲನೆಯನ್ನು ನೋಡುತ್ತ ಕೇಳಿದರೆ ಮಾತು ಮೊದಲಿಗಿಂತ ಚೆನ್ನಾಗಿ ತಿಳಿಯುತ್ತದೆ, ತನ್ನ ದನಿ ಏರಿತೋ ಇಳಿಯಿತೋ ತನಗೇ ಗೊತ್ತಾಗುತ್ತದೆ, ಸುತ್ತಲಿನ ಸದ್ದುಗಳು ಬೇರೆಬೇರೆಯಾಗಿ ತೋರುತ್ತವೆ, ರೋಗಿಗಳೂ ಸರಿ. ಪಂಡಿತರು ತಪ್ಪಿದ್ದು ಲೆಕ್ಕದಲ್ಲಲ್ಲ. ಸಂಪೂರ್ಣ ಶ್ರವಣವಲ್ಲದ್ದೆಲ್ಲ ಶೂನ್ಯವೆಂದು ಅವರು ಭಾವಿಸಿದ್ದರು. ಹಸಿದವನ ಗಂಜಿಗೆ ಷಡ್ರಸವಿಲ್ಲವೆಂದು ದೂರುವುದು ಉಂಡವರಿಗೆ ಮಾತ್ರ ಸಾಧ್ಯ.

ಆದರೂ ಪ್ರತ್ಯಕ್ಷವೆಂಬುದು ಎಷ್ಟು ಮೋಸಮಾಡಬಲ್ಲದೆಂಬುದಕ್ಕೆ ಇದೇ ವೈದ್ಯನ ಚರಿತ್ರೆಯಲ್ಲಿ ಇನ್ನೊಂದು ನಿದರ್ಶನವುಂಟು. ಅಮೆರಿಕದವರಲ್ಲಿ ಮೊದಲಿಗನಾಗಿ ಅಂತರಿಕ್ಷಕ್ಕೆ ಹೋಗಿಬಂದ ಅಲನ್ ಶೆಪರ್ಡನಿಗೆ ಒಳಗಿವಿಯ ನೀರು ಉಕ್ಕಿ ತಲೆತಿರುಗುವ ಮೆನಿಯೆ ಎಂಬ ರೋಗ ಬಂದು, ವಿಮಾನವೇರುವ ಅಧಿಕಾರವೇ ತಪ್ಪಿತ್ತು. ೧೯೬೮ರಲ್ಲಿ ಅವನು ಬೇರೆ ಹೆಸರಿಟ್ಟುಕೊಂಡು ಹೌಸನ ಬಳಿಗೆ ಬಂದು, ಒಳಗಿವಿಯ ನೀರನ್ನು ಹೊರಹರಿಯಿಸುವ ಸಣ್ಣ ನಳಿಕೆಯನ್ನು ಹಾಕಿಸಿಕೊಂಡನು. ತಲೆತಿರುಗು ನಿಂತಿತು. ೧೯೭೧ರ ಫೆಬ್ರವರಿಯಲ್ಲಿ ಅಪೊಲೊ ೧೪ರಲ್ಲಿ ಹೋಗಿ ಚಂದ್ರನ ಮೇಲೆ ನಡೆದನು. ಇದಕ್ಕಿಂತ ಎತ್ತರವಾದ ಪ್ರಮಾಣಪತ್ರ ಯಾವ ವೈದ್ಯನಿಗೆ ಬೇಕು? ಆದರೆ ೧೯೮೧ರಲ್ಲಿ ಡೆನ್ಮಾರ್ಕಿನ ವೈದ್ಯರು ಈ ರೋಗದ ೩೦ ಮಂದಿಯನ್ನು ತೆಗೆದುಕೊಂಡು, ಅರ್ಧಮಂದಿಗೆ ನಳಿಕೆಯನ್ನು ಹಾಕಿ, ಉಳಿದರ್ಧಕ್ಕೆ ಕಿವಿಯ ಹಿಂದಿನ ಎಲುಬನ್ನು ಮಾತ್ರ ಕೊರೆದು ಮುಚ್ಚಿ, ಯಾರಿಗೆ ಯಾವುದೆಂದು ತಿಳಿಸದೆ ವರ್ಷವೊಂದು ನೋಡಿದರು. ಎರಡು ಗುಂಪಿನವರಲ್ಲಿಯೂ ಹೆಚ್ಚುಮಂದಿ ಗುಣವಾದರು. ಭೇದವು ಅತ್ಯಲ್ಪವೆಂದು ಅವರು ಬರೆದರು. ಕಾಗೆ ಕೂತದ್ದಕ್ಕೂ ತಾಳೆಯ ಹಣ್ಣು ಬಿದ್ದದ್ದಕ್ಕೂ ಇರುವ ಸಂಬಂಧವೇ ಇಲ್ಲಿಯೂ ಇದ್ದಿತೋ ಏನೋ. ಮುಂದೆ ಬೇರೆಯವರು ಅದೇ ಅಂಕಿಗಳನ್ನು ಬೇರೆ ರೀತಿ ಕೂಡಿಸಿ ನಳಿಕೆಯ ಪಕ್ಷಕ್ಕೆ ಫಲ ತೆಗೆದರೆಂಬುದೂ ನಿಜ. ಅಂಕಿಗಳೂ ಕೆಲವೊಮ್ಮೆ ಸಾಕ್ಷಿಗಳಂತೆ ಎರಡು ಕಡೆಗೂ ನುಡಿಯುತ್ತವೆ. ಹೌಸನು ಸುಳ್ಳು ಹೇಳಿದವನಲ್ಲ, ಹಣಕ್ಕಾಗಿ ಮಾಡಿದವನಲ್ಲ. ತನ್ನ ಉಪಕರಣಗಳ ಮೇಲೆ ಏಕಸ್ವಾಮ್ಯದ ಹಕ್ಕನ್ನು ಪಡೆಯಲು ಹೋಗದೆ ಎಲ್ಲರಿಗೂ ಬಿಟ್ಟುಕೊಟ್ಟವನು. ಆದರೆ ಪ್ರಾಮಾಣಿಕತೆಯೇ ಪ್ರಮಾಣವಲ್ಲ. ರೋಗಿ ಗುಣವಾದುದನ್ನು ಕಂಡ ವೈದ್ಯನ ಹರ್ಷವು ತಾನೇ ಗುಣಪಡಿಸಿದೆನೆಂಬ ಜ್ಞಾನಕ್ಕೆ ಬಹಳ ಬೇಗ ತಿರುಗಿಬಿಡುತ್ತದೆ. ಉಪಾಧ್ಯಾಯರಲ್ಲಿಯೂ ಈ ದೋಷ ಕಡಿಮೆಯಿಲ್ಲ.

ಪ್ರಾಯಕ್ಕೆ ಬಂದವನ ವಿಷಯವು ಇಷ್ಟಾಯಿತು. ಕೇಳುತ್ತಿದ್ದು ಕಿವಿ ಹೋದವನಿಗೆ ತಾನು ಕಳೆದುಕೊಂಡದ್ದೇನೆಂದು ಗೊತ್ತು; ಅಪಾಯವನ್ನು ಅರಿತು ಒಪ್ಪಬಲ್ಲನು, ಒಲ್ಲೆನೆನ್ನಬಲ್ಲನು. ೧೯೮೧ರಲ್ಲಿ ಹೌಸನು ಮೂರು ವರ್ಷದ ಒಂದು ಹೆಣ್ಣುಮಗುವಿಗೆ ಈ ಯಂತ್ರವನ್ನಿಟ್ಟಾಗ ಪ್ರಶ್ನೆಯು ಬೇರೆಯಾಯಿತು. ಮಗುವಿನ ಒಪ್ಪಿಗೆಯೆಂಬುದಿಲ್ಲ. ತಂದೆತಾಯಿಗಳ ಒಪ್ಪಿಗೆಯಲ್ಲಿ ಮಗುವಿನ ಹಿತದೊಡನೆ ತಮ್ಮ ದುಃಖವೂ, ನೆರೆಯವರ ಮಾತೂ ಸೇರಿಕೊಂಡಿರುತ್ತವೆ. ಅಂದಿನ ಒಂಟಿತಂತಿಯ ಯಂತ್ರದ ಶಕ್ತಿಯನ್ನು ನೋಡಿದರೆ ಇಲ್ಲಿ ಹೌಸನು ಅವಸರಪಟ್ಟನೆಂದೇ ತೋರುತ್ತದೆ. ಆದರೆ ಪ್ರತಿಪಕ್ಷಕ್ಕೂ ಒಂದು ಉತ್ತರವಿದೆ. ಭಾಷೆಯು ಚಿಗುರುವುದು ಮೊದಲ ಕೆಲವು ವರ್ಷಗಳಲ್ಲಿ. ಆಗ ಶಬ್ದವನ್ನೇ ಕಾಣದ ಮೆದುಳು ಆ ಎಡೆಯನ್ನು ಬೇರೆ ಕೆಲಸಕ್ಕೆ ಬಿಟ್ಟುಕೊಡುತ್ತದೆ. ಆದುದರಿಂದ ಮಗು ದೊಡ್ಡದಾಗಿ ತಾನೇ ಒಪ್ಪಲಿ ಎಂದು ಕಾಯುವುದು ತಟಸ್ಥವಾಗಿರುವುದಲ್ಲ. ಅದೂ ಮಗುವಿನ ಪರವಾಗಿ ಮಾಡಿಬಿಟ್ಟ ಒಂದು ನಿರ್ಣಯವೇ. ಪೈರಿನ ಕಾಲ ತಪ್ಪಿದಮೇಲೆ ಹೊಲದೊಡೆಯನ ಒಪ್ಪಿಗೆ ಪಡೆದು ಬಿತ್ತಿದರೇನು?

ಕಿವುಡರೇ ಎತ್ತಿದ ಆಕ್ಷೇಪವು ಇದಕ್ಕಿಂತ ಆಳವಾದುದು. ೧೯೯೦ರಲ್ಲಿ ಅಮೆರಿಕದ ಸರ್ಕಾರವು ಮಕ್ಕಳಿಗೆ ಯಂತ್ರವಿಡಲು ಅನುಮತಿ ಕೊಟ್ಟಾಗ ಅಲ್ಲಿಯ ಕಿವುಡರ ರಾಷ್ಟ್ರೀಯ ಸಂಘವು ಮರುವರ್ಷ ಅದನ್ನು ಬಹಿರಂಗವಾಗಿ ಖಂಡಿಸಿತು. ನಾವು ರೋಗಿಗಳಲ್ಲ, ಕೈಬೆರಳುಗಳಿಂದ ನುಡಿಯುವ ಒಂದು ಭಾಷೆಯ ಜನ. ನಮ್ಮ ಮಕ್ಕಳನ್ನು ನಮ್ಮಿಂದ ಕೊಯ್ದು ತೆಗೆಯುತ್ತಿದ್ದೀರಿ ಎಂಬುದು ಆ ಪಕ್ಷದ ಸಾರ. ೨೦೦೦ದಲ್ಲಿ ಅದೇ ಸಂಘವು ತನ್ನ ಮಾತನ್ನು ಮೃದುಗೊಳಿಸಿತು. ಆದರೆ ಆ ಸಿಟ್ಟಿಗೆ ಕಾರಣವಿಲ್ಲದಿರಲಿಲ್ಲ. ಮೊದಲು ಹೇಳಿದ ಬೆಲ್ಲನೇ ಕೈಭಾಷೆಯನ್ನು ಶಾಲೆಗಳಿಂದ ಹೊರಡಿಸಬೇಕೆಂದೂ, ಕಿವುಡರು ಕಿವುಡರನ್ನೇ ಮದುವೆಯಾಗುವುದು ಲೋಕಕ್ಕೆ ಅಪಾಯವೆಂದೂ ವಾದಿಸಿದವನು. ೧೮೮೦ರಲ್ಲಿ ಮಿಲಾನಿನಲ್ಲಿ ಕೂಡಿದ ಶಿಕ್ಷಕರ ಮಹಾಸಭೆಯು ಕಿವುಡ ಮಕ್ಕಳ ಶಾಲೆಗಳಲ್ಲಿ ಬಾಯಿಮಾತೇ ನಡೆಯತಕ್ಕದ್ದೆಂದು ನಿರ್ಣಯಿಸಿತು. ಹಿತೈಷಿಗಳಿಂದ ಆದ ಹಿಂಸೆ ಹಗೆಗಳಿಂದಾದುದಕ್ಕಿಂತ ಮರೆಯುವುದು ಕಷ್ಟ. ನಮ್ಮಲ್ಲಿಯೂ ಮನುಸ್ಮೃತಿಯು ಬಧಿರಮೂಕರಿಗೆ ಅನ್ನವಸ್ತ್ರವನ್ನು ವಿಧಿಸಿ ದಾಯಭಾಗವನ್ನು ನಿರಾಕರಿಸಿತು; ಬ್ರಿಟಿಷ್ ಇಂಡಿಯಾದಲ್ಲಿ ೧೯೨೮ರ ಶಾಸನ ಬರುವವರೆಗೆ ಹುಟ್ಟುಕಿವುಡನು ಪಿತ್ರಾರ್ಜಿತಕ್ಕೆ ಹೊರಗಾಗಬಹುದಾಗಿತ್ತು. ಕಿವಿಯಿಲ್ಲದವನಿಗೆ ಬುದ್ಧಿಯೂ ಇಲ್ಲವೆಂದು ತಿಳಿದವರು ಕಿವಿಯುಳ್ಳವರೇ ಅಲ್ಲವೆ? ಆದಕಾರಣ ಯಂತ್ರವಿಡಿಸುವ ಮನೆಯವರು ಮಗುವಿಗೆ ಕೈಭಾಷೆಯನ್ನು ಮುಟ್ಟಗೊಡದಿರುವುದು ಸರಿಯಾದ ನಡತೆಯೆನ್ನಿಸುವುದಿಲ್ಲ. ಒಂದು ನಾಲಗೆಯಲ್ಲಿ ಎರಡು ಭಾಷೆ ಹಲಸೂರಿನ ಬೀದಿಯಲ್ಲಿ ಆಶ್ಚರ್ಯವಲ್ಲ. ಕನ್ನಡ, ತಮಿಳು, ತೆಲುಗು, ಉರ್ದುಗಳನ್ನು ಬೆರೆಸದೆ ಆಡುವ ಕೂಸುಗಳು ಅಲ್ಲಿ ಬೇಕಾದಷ್ಟುಂಟು.

ಹೌಸನ ಅರ್ಧಗೆಲುವನ್ನು ಪೂರ್ತಿಗೊಳಿಸಿದವನು ಆಸ್ಟ್ರೇಲಿಯದ ಗ್ರೇಮ್ ಕ್ಲಾರ್ಕ್. ಇವನ ತಂದೆ ಔಷಧದ ಅಂಗಡಿಯವನು, ಕಿವಿ ಮಂದವಾದವನು. ಗಿರಾಕಿಯ ಮಾತು ಕೇಳದೆ ತಂದೆ ಪಡುತ್ತಿದ್ದ ಸಂಕೋಚವನ್ನು ಮಗನು ನೋಡುತ್ತ ಬೆಳೆದನು. ಕ್ಲಾರ್ಕನು ೧೯೬೭ರಲ್ಲಿ ಸಂಶೋಧನೆಗೆ ತೊಡಗಿ ಮೊದಲು ಬೆಕ್ಕುಗಳ ಮೇಲೆ ಪರೀಕ್ಷೆಮಾಡಿ, ಹನ್ನೊಂದು ವರ್ಷದ ಮೇಲೆ ೧೯೭೮ರ ಆಗಸ್ಟ್ ಒಂದರಂದು ಮೆಲ್ಬರ್ನಿನಲ್ಲಿ ಅನೇಕ ತಂತಿಗಳ ಯಂತ್ರವನ್ನು ಮನುಷ್ಯನೊಬ್ಬನಿಗೆ ಇಟ್ಟನು. ತಂತಿಯ ಗೊಂಚಲನ್ನು ಸುರುಳಿಯೊಳಗೆ ಗಾಯಮಾಡದೆ ನುಗ್ಗಿಸುವ ಬಗೆ ತೋರದಿದ್ದಾಗ, ಸಮುದ್ರತೀರದಲ್ಲಿ ಚಿಪ್ಪೊಂದಕ್ಕೆ ಹುಲ್ಲಿನ ಎಸಳನ್ನು ತೂರಿಸಿ, ತುದಿ ಮೆತ್ತಗೂ ಬುಡ ಗಡುಸಾಗಿಯೂ ಇದ್ದರೆ ಅದು ತಾನಾಗಿ ಸುತ್ತಿಕೊಂಡು ಹೋಗುವುದೆಂದು ಕಂಡುಕೊಂಡನಂತೆ. ಇಂದು ತುಟಿಯನ್ನು ನೋಡದೆ, ಟೆಲಿಫೋನಿನಲ್ಲಿಯೇ ಮಾತನಾಡುವ ಕಿವುಡರಿದ್ದಾರೆ. ಬೆಲ್ಲನ ಮಡದಿಗೆ ದೊರೆಯದೆಹೋದುದು ಅವರಿಗೆ ದೊರೆತಿದೆ. ಮೊದಲೇ ಕ್ಲಾರ್ಕನಂತೆ ಕಾದು ನಡೆಯಬಾರದಾಗಿತ್ತೆ ಎಂದು ಹೌಸ್‌ನನ್ನು ದೂರುವವರುಂಟು. ಆದರೆ ಒಂದು ತಂತಿಯನ್ನು ಮನುಷ್ಯನ ದೇಹವು ವರ್ಷಗಟ್ಟಲೆ ಸಹಿಸುವುದೆಂದೂ, ಕೆಟ್ಟ ಕಿವಿಯ ಹಿಂದೆ ನಾಡಿಯು ಜೀವಂತವಾಗಿರುವುದೆಂದೂ ಹೌಸನ ರೋಗಿಗಳು ತಮ್ಮ ತಲೆಯನ್ನು ಒಡ್ಡಿ ತೋರಿಸಿದ್ದರು. ೨೦೧೩ರಲ್ಲಿ ಈ ವಿದ್ಯೆಗಾಗಿ ಲ್ಯಾಸ್ಕರ್ ಬಹುಮಾನವು ಕ್ಲಾರ್ಕನಿಗೂ ಹಾಖ್‌ಮೇರ್, ವಿಲ್ಸನ್ ಎಂಬ ಇನ್ನಿಬ್ಬರಿಗೂ ಬಂದಿತು. ಹೌಸನು ಅದರ ಹಿಂದಿನ ಡಿಸೆಂಬರಿನಲ್ಲಿಯೇ ೮೯ ವರ್ಷದವನಾಗಿ ತೀರಿಹೋಗಿದ್ದನು.

ನಮ್ಮ ನಾಡಿಗೆ ಈ ವಾದವು ಇನ್ನೊಂದು ರೂಪದಲ್ಲಿ ಬಂದು ನಿಂತಿದೆ. ಒಂದು ಯಂತ್ರದ ಬೆಲೆ ಲಕ್ಷಗಟ್ಟಲೆ. ೨೦೧೪ರಲ್ಲಿ ಪರಿಷ್ಕೃತವಾದ ಕೇಂದ್ರಸರ್ಕಾರದ ಯೋಜನೆಯಲ್ಲಿ ಮಗುವೊಂದಕ್ಕೆ ೬ ಲಕ್ಷ ರೂಪಾಯಿಯಂತೆ ವರ್ಷಕ್ಕೆ ೫೦೦ ಮಕ್ಕಳಿಗೆ ಏರ್ಪಾಡಾಯಿತು; ರಾಜ್ಯಸರ್ಕಾರಗಳೂ ಕೈಸೇರಿಸುತ್ತಿವೆ. ಆದರೂ ಪಡೆದವರಿಗಿಂತ ಪಡೆಯದವರು ಹೆಚ್ಚು. ಹೌಸನು ಕೊನೆಯವರೆಗೆ ಹಿಡಿದ ಹಟವೊಂದಿತ್ತು: ಒಂಟಿತಂತಿಯ ಯಂತ್ರವು ಸರಳವಾದುದು, ಅಗ್ಗವಾದುದು, ಬಡವರಿಗೆ ಅದೇ ಸಾಕು. ಪಂಡಿತರು ಅದನ್ನು ಮುದುಕನ ಮೋಹವೆಂದು ಕಂಡರು. ಕೆಲವರಿಗೆ ಪೂರ್ಣ ಶ್ರವಣವೋ, ಹಲವರಿಗೆ ಅರ್ಧ ಶ್ರವಣವೋ ಎಂದು ಕೇಳಿದರೆ, ಬೌರಿಂಗ್ ಆಸ್ಪತ್ರೆಯ ಮುಂದಿನ ಸಾಲಿನಲ್ಲಿ ಮಗುವನ್ನೆತ್ತಿಕೊಂಡು ನಿಂತ ತಾಯಿಗೂ, ಹಣವಿದ್ದು ಬೇಕಾದುದನ್ನು ಕೊಳ್ಳಬಲ್ಲವರಿಗೂ ಉತ್ತರವು ಒಂದೇ ಆಗಿರುವುದು ಕಷ್ಟ. ಬಡವನಿಗೆ ಅರ್ಧವೇ ಸಾಕೆಂಬುದು ಕೇಳಲು ಕಹಿಯಾದ ಮಾತು; ಅರ್ಧವನ್ನು ತಿರಸ್ಕರಿಸಿ ಏನೂ ಕೊಡದಿರುವುದು ಕಹಿಯಾದ ನಡತೆ.

ಶಸ್ತ್ರವೈದ್ಯನ ಕೆಲಸ ಕೆಲವು ಗಂಟೆಗಳದು. ಅಲ್ಲಿಂದ ಮುಂದಿನದು ವರ್ಷಗಳ ಕೆಲಸ. ಅದನ್ನು ಮಾಡತಕ್ಕವರು ಮನೆಯವರೂ ವಾಕ್‌ಶಿಕ್ಷಕರೂ. ಇದಕ್ಕಾಗಿ ಮೈಸೂರಿನ ಮಾನಸಗಂಗೋತ್ರಿಯಲ್ಲಿ ೧೯೬೫ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕಲಿತವರು ದೇಶದ ನಾನಾ ಕಡೆಗಳಲ್ಲಿ ಕೆಲಸಮಾಡುತ್ತಿದ್ದಾರೆ. ಗಾಯ ಮಾಗಿ ಕೆಲವು ವಾರಗಳಾದಮೇಲೆ ಯಂತ್ರವನ್ನು ಮೊದಲಬಾರಿಗೆ ಚಾಲನೆಮಾಡುತ್ತಾರೆ. ಅಂದು ಮಗುವಿಗೆ ಕೇಳುವುದು ತಾಯಿಯ ಮಾತಲ್ಲ, ಅರ್ಥವಿಲ್ಲದ ಒಂದು ಸದ್ದು. ಅನೇಕ ಮಕ್ಕಳು ಬೆಚ್ಚಿ ಅಳುತ್ತವೆ. ಆ ಸದ್ದು ತನ್ನ ಹೆಸರೆಂದು ತಿಳಿಯುವುದಕ್ಕೆ ತಾಯಿಯು ಪಾತ್ರೆ ಬೆಳಗುತ್ತ, ಬಟ್ಟೆ ಹಿಂಡುತ್ತ, ಬೆಳಗಿನಿಂದ ರಾತ್ರಿಯವರೆಗೆ ನೂರು ಸಲ ಬೆನ್ನ ಹಿಂದೆ ನಿಂತು ಕರೆಯಬೇಕು. ತಿಂಗಳುಗಳು ಕಳೆದಮೇಲೆ ಒಂದು ದಿನ ಮಗು ತಿರುಗಿ ನೋಡುತ್ತದೆ.